ದಾವಲ್‌ಸಾಬರ ಮುಂಗಡ ಸುದ್ದಿ

ಸಿಂಧನೂರಿನ ದಾವಲ್‌ಸಾಬರು ಹಗಲು ಪತ್ರಿಕೆಯ ವರದಿಗಾರರು, ಸಂಜೆ ನಾಟಕಕಾರರು. ಎರಡಕ್ಕೂ ಒಂದೇ ಪೆನ್ನು. ಕಾಲುವೆ ನೀರಿನ ಸುದ್ದಿಯಲ್ಲೂ ಅವರ ರೈತ ‘ಅಯ್ಯೋ ವಿಧಿಯೇ’ ಎನ್ನುತ್ತಾನೆ. ನಾಟಕದ ಖಳನಾಯಕನೋ ತನ್ನ ವಯಸ್ಸು, ಊರು, ತಾಲ್ಲೂಕು ಹೇಳದೆ ಸಾಯುವುದಿಲ್ಲ. ಮಸ್ಕಿಯಿಂದ ಲಿಂಗಸುಗೂರಿನವರೆಗೆ ಯಾವ ಊರಿನವರು ಅವರ ನಾಟಕ ಆಡಿದರೂ ವರದಿ ಅವರದೇ. ಸಂಜೆ ಐದರ ಮೇಲೆ ಪತ್ರಿಕೆಯವರು ಸುದ್ದಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಏಳಕ್ಕೆ ಶುರುವಾಗುವ ನಾಟಕ ನೋಡಿ ಜನ ಕಣ್ಣೀರಿಟ್ಟರೆಂದು ಅವರು ನಾಲ್ಕಕ್ಕೇ ಬರೆದು ಕಳಿಸಿಬಿಡುತ್ತಾರೆ. ಒಮ್ಮೆ ವಳಕಮದಿನ್ನಿಯಲ್ಲಿ ನಾಯಕಿ ಬಾರದೆ ನಾಟಕವೇ ನಿಂತಿತು. ಮರುದಿನದ ಪತ್ರಿಕೆಯಲ್ಲಿ ಮಾತ್ರ ಅದು ಅಮೋಘ ಯಶಸ್ಸು ಕಂಡಿತ್ತು. ಊರವರು ಬಿದ್ದು ಬಿದ್ದು ನಗುತ್ತಿದ್ದರೆ ಸಾಹೇಬರು ನಾಯಕಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು, “ಅಚ್ಚಾದ ಸುದ್ದಿ ಸುಳ್ಳಾಗಬಾರ್ದ್ರಪಾ, ಇವತ್ತ ಆಡ್ರಿ” ಎಂದು ಆಡಿಸಿಯೇ ಬಿಟ್ಟರು. ಜನ ನಿಜಕ್ಕೂ ಅತ್ತರು. ಸಾಹೇಬರ ಪ್ರತಿ ನಾಟಕದ ವರದಿಯ ಕೊನೆಗೂ ಒಂದೇ ಸಾಲು: ‘ನಾಟಕಕಾರರ ಪತ್ನಿ ಜಮೀಲಾಬೀ ಮುಂದಿನ ಸಾಲಿನಲ್ಲಿ ಉಪಸ್ಥಿತರಿದ್ದರು.’ ಜಮೀಲಾಬೀ ಲಕ್ವಾ ಹೊಡೆದು ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಚಹಾ ಕುಡಿಸುತ್ತ ಸಾಹೇಬರು ಆ ಸುದ್ದಿಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಮೊನ್ನೆ ಪೂರ್ತಿ ಕೇಳಿದ ಜಮೀಲಾಬೀ, “ನಾ ಯಾವ ಸೀರಿ ಉಟ್ಕೊಂಡು ಬಂದಿದ್ದೆರೀ?” ಎಂದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಪತ್ರಿಕೆಯನ್ನು ಮತ್ತೆ ಮುಖದ ಹತ್ತಿರ ಹಿಡಿದು, ಅಲ್ಲಿಲ್ಲದ ಸಾಲನ್ನು ಓದಿದರು: “ಹಸಿರು ರೇಷ್ಮೆ ಸೀರೆಯಲ್ಲಿ ಬಂದಿದ್ದ ಅವರು, ನಾಟಕ ಮುಗಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು.”