ಬಾಗಿಲಾಚೆಯ ದೊಡ್ಡಮ್ಮ

ನುಡಿಸಲಾರದವಳು ಪಕ್ಕದವಳ ತಂತಿ ಡೊಂಕು ಎಂದಳಂತೆ. ಗಾದೆ ಹೀಗಲ್ಲ, ಅದರಲ್ಲಿ ಕುಣಿತವಿದೆ, ನೆಲವಿದೆ ಎಂದು ಮೇಷ್ಟ್ರುಗಳು ಕಿವಿ ಹಿಂಡಲು ಬರಬಹುದು. ಬೇಡಿ, ಕಿವಿಗೆ ಇಲ್ಲಿ ಬೇರೆ ಕೆಲಸವಿದೆ. ಮುಂದೆ ಬರುವ ಮೇಜು ನಿಜ, ಮೆಟ್ಟಿಲು ನಿಜ, ಚೆಲ್ಲಿದ ನೀರೂ ನಿಜ. ಗಾದೆಯೊಂದೇ ಸುಳ್ಳು.

ಬೆಳಗಿನ ಐದೂಮುಕ್ಕಾಲು. ಹಳೆಯ ಛತ್ರಿ ಕಾರ್ಖಾನೆಯ ಮಹಡಿ ಅಡುಗೆಮನೆಯಿಂದ ಒಂದು ಮರದ ಮೇಜು ಹೊರಡುತ್ತದೆ. ಮೂಲೆಗೊಬ್ಬರಂತೆ ಹೊತ್ತವರು ನಾಲ್ವರು. ಮೇಜಿನ ಮೇಲೆ ಕಂಠಮಟ್ಟ ತುಂಬಿದ ನಾಲ್ಕು ಲೋಟ ನೀರು. ಇಪ್ಪತ್ತಮೂರು ಮೆಟ್ಟಿಲು ಇಳಿದು ಅಂಗಳ ಸೇರಬೇಕು. ನಡುವೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ‘ಎತ್ತು’ ಎನ್ನುವಂತಿಲ್ಲ, ‘ತಿರುಗು’ ಎನ್ನುವಂತಿಲ್ಲ. ಮೇಜು ಕಾಲಮೇಲೆ ಬಿದ್ದರೆ ಮಾತ್ರ ಒಂದು ‘ಅಯ್ಯೋ’ಗೆ ಅನುಮತಿಯುಂಟು.

ಕೆಳಗೆ ಅಳತೆ ಪಾತ್ರೆ ಹಿಡಿದು ನಿಂತಿರುವವರು ದೊಡ್ಡಮ್ಮ. ಅಂಗಳದ ಕಲ್ಲು ಏರುಪೇರು. ಮೇಜಿನ ಒಂದು ಕಾಲಿನ ಕೆಳಗೆ ಕಾಗದ ಮಡಿಸಿ ಇಡುತ್ತಾರೆ, ಅಲ್ಲಾಟ ನಿಂತ ಮೇಲೆ ಲೋಟಗಳ ನೀರನ್ನು ಪಾತ್ರೆಗೆ ಸುರಿದು ನೋಡುತ್ತಾರೆ.

“ಅರ್ಧ ಲೋಟ ಖೋತಾ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು, ಮೆಟ್ಟಿಲಿಗೆ ಸ್ನಾನ ಆಯ್ತು. ಹೋಗಿ, ತಿಂಡಿ ತಿನ್ನಿ.”

ಇವರು ಕೂಲಿಗಳಲ್ಲ. ಇಬ್ಬರು ಪಿಟೀಲಿನವರು, ಒಬ್ಬ ವಿಯೋಲದವನು, ಒಬ್ಬ ಚೆಲ್ಲೊದವನು, ಅಂದರೆ ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನವನು. ಇಂಥ ನಾಲ್ವರ ತಂಡಕ್ಕೆ ಎದುರು ನಿಂತು ಕೈಬೀಸುವ ಕಂಡಕ್ಟರ್ ಎಂಬ ಯಜಮಾನರಿರುವುದಿಲ್ಲ. ಹೇಳದೆ ಒಟ್ಟಿಗೆ ಶುರುವಾಗಬೇಕು, ಹೇಳದೆ ಒಟ್ಟಿಗೆ ನಿಲ್ಲಬೇಕು. ಆ ಹೇಳದಿರುವುದನ್ನು ಹೇಳಿಕೊಡುವುದೇ ದೊಡ್ಡಮ್ಮನ ಕಸುಬು. ಎಲ್ಲಿಂದಲೋ ಬರುವ ಎಳೆಯ ತಂಡಗಳು ಎಂಟು ವಾರ ಇಲ್ಲೇ ಉಂಡು, ಇಲ್ಲೇ ಮಲಗಿ, ಇಲ್ಲೇ ನುಡಿಸಿ, ಇಲ್ಲೇ ಜಗಳವಾಡಿ ಹೋಗುತ್ತವೆ. ಹನ್ನೊಂದು ವರ್ಷಗಳಲ್ಲಿ ಹೋದ ತಂಡಗಳು ನಲವತ್ತೊಂದು. ಅದರಲ್ಲಿ ಇಪ್ಪತ್ತೊಂಬತ್ತು ಇವತ್ತಿಗೂ ಒಟ್ಟಿಗಿವೆ. ಚದುರಿದ ಹನ್ನೆರಡನ್ನು ದೊಡ್ಡಮ್ಮ ತಂಡವಾರು, ಕುರ್ಚಿವಾರು ಬಾಯಿಪಾಠ ಒಪ್ಪಿಸುತ್ತಾರೆ.

ಅರವತ್ತಮೂರರ ಇವರಿಗೆ ‘ದೊಡ್ಡಮ್ಮ’ ಎಂಬ ಹೆಸರು ಬಂದದ್ದು ವಾದ್ಯದಿಂದ. “ವಿಯೋಲ ಅಂದ್ರೆ ಪಿಟೀಲಿನ ದೊಡ್ಡಮ್ಮ ಕಣಪ್ಪ. ಮೈ ಸ್ವಲ್ಪ ದಪ್ಪ, ದನಿ ಸ್ವಲ್ಪ ತಗ್ಗು, ಮದುವೆ ಫೋಟೋದಲ್ಲಿ ಯಾವತ್ತೂ ಹಿಂದಿನ ಸಾಲು. ಆದ್ರೆ ದೊಡ್ಡಮ್ಮ ಬರದೇ ಇದ್ರೆ ಮದುವೆ ನಡೆಯುತ್ತಾ, ಹೇಳು?”

ಇಪ್ಪತ್ತನಾಲ್ಕು ವರ್ಷ ಅವರು ದೊಡ್ಡ ವಾದ್ಯವೃಂದವೊಂದರ ಮೂರನೇ ಸಾಲಿನಲ್ಲಿ ನುಡಿಸಿದರು. ಎಡಭುಜ ಕೈಕೊಟ್ಟಿತು, ಅಥವಾ ಅವರದೇ ಮಾತಿನಲ್ಲಿ, “ಕೈ ಸರಿಯಿತ್ತು, ಭುಜ ಕೈಕೊಡ್ತು.” ಅದಕ್ಕೂ ಮೊದಲು ಅವರದೇ ನಾಲ್ವರ ತಂಡವೊಂದಿತ್ತು. ಒಂಬತ್ತು ವರ್ಷ ಬಾಳಿದ ಆ ತಂಡ ರೈಲು ನಿಲ್ದಾಣವೊಂದರಲ್ಲಿ ಮುರಿಯಿತು. ಹಿಂದಿನ ಸಂಜೆ ನುಡಿಸಿದ್ದರಲ್ಲಿ ಯಾರು ಓಡಿದರು, ಯಾರು ಎಳೆದರು ಎಂಬ ಮಾತು ಬಂತು. ಮಾತಿಗೆ ಮಾತು ಬೆಳೆದು ನಾಲ್ವರೂ ನಾಲ್ಕು ರೈಲು ಹತ್ತಿದರು.

“ಮಾತಾಡೀ ಮಾತಾಡೀ ಕೆಡಿಸ್ಕೊಂಡ್ವಿ. ನಮ್ಮ ನಾಲ್ಕೂ ಜನರ ಕಿವಿ ವಾದ್ಯಕ್ಕೆ ಅಂತ ಮೀಸಲು. ಪಕ್ಕದ ಮನುಷ್ಯರಿಗೆ ಅಂತ ಇರಲೇ ಇಲ್ಲ,” ಎನ್ನುತ್ತಾರೆ.

ಪಾಳುಬಿದ್ದಿದ್ದ ಛತ್ರಿ ಕಾರ್ಖಾನೆಯನ್ನು ನಗರಸಭೆಯಿಂದ ಕೇಳಿ ಪಡೆಯಲು ಮೂರು ವರ್ಷ ಕಚೇರಿ ಅಲೆದರು. ಮೊದಲೆರಡು ಮಳೆಗಾಲ ಸೂರು ಸೋರಿ, ಛತ್ರಿ ಕಾರ್ಖಾನೆಯೊಳಗೇ ಛತ್ರಿ ಹಿಡಿದು ಪಾಠ ನಡೆಯಿತು. ಈಗ ಸೂರು ಗಟ್ಟಿ. ಇಪ್ಪತ್ತಮೂರು ಮೆಟ್ಟಿಲನ್ನು ದಿನಕ್ಕೆ ಹದಿನಾಲ್ಕು ಸಲ ಹತ್ತಿಳಿಯುವ ದೊಡ್ಡಮ್ಮನ ಮಂಡಿ ಮಾತ್ರ ಆಗಾಗ ಅಪಸ್ವರ ನುಡಿಸುತ್ತದೆ.

ಅಡುಗೆಮನೆಯ ಉಸ್ತುವಾರಿ ಅವರ ಯಜಮಾನರದು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಇವರನ್ನು ಮಕ್ಕಳೆಲ್ಲ ಡ್ರೈವರ್ ದೊಡ್ಡಪ್ಪ ಎನ್ನುತ್ತಾರೆ. ಸಂಗೀತದ ಗಂಧಗಾಳಿ ಇಲ್ಲವೆಂದು ಅವರೇ ಒಪ್ಪುತ್ತಾರೆ, ಆದರೆ ತೀರ್ಪು ಕೊಡದೆ ಬಿಡುವುದಿಲ್ಲ. “ನಾನು ಒಂದು ದಿನವೂ ಕಂಡಕ್ಟರ್ ಇಲ್ಲದೆ ಗಾಡಿ ಬಿಟ್ಟವನಲ್ಲ. ಇವರು ನಾಲ್ಕು ಜನ ಕಂಡಕ್ಟರೇ ಇಲ್ಲದೆ ಹೊರಡ್ತಾರೆ. ಸ್ಟಾಪ್ ಬಿಟ್ಟು ಮುಂದೆ ಹೋಗದೆ ಇನ್ನೇನು?”

ದೊಡ್ಡಮ್ಮ ಬೈಯುವುದು ಕಡಿಮೆ, ಅಣಕಿಸುವುದು ಹೆಚ್ಚು. ತಪ್ಪು ಮಾಡಿದವರ ಮುಂದೆ ತಮ್ಮ ವಿಯೋಲ ಎತ್ತಿಕೊಂಡು ಅವರ ಹಾಗೆಯೇ ಹುಬ್ಬೇರಿಸಿ, ಅವರ ಹಾಗೆಯೇ ಭುಜ ಕುಗ್ಗಿಸಿ, ಅದೇ ತಪ್ಪನ್ನು ಅಷ್ಟೇ ಚೆನ್ನಾಗಿ ನುಡಿಸಿ ತೋರಿಸುತ್ತಾರೆ. “ಕನ್ನಡಿ ಯಾರನ್ನಾದ್ರೂ ಬೈಯುತ್ತಾ? ತೋರಿಸುತ್ತೆ, ಅಷ್ಟೆ.” ಕೊನೆಯ ಶುಕ್ರವಾರದ ಬೆಳಗ್ಗೆ, ಬೀಳ್ಕೊಡುವ ಕಾರ್ಯಕ್ರಮದ ಮುನ್ನಾದಿನ, ಪರೀಕ್ಷೆ. ತಂಡ ಬಾಗಿಲು ಮುಚ್ಚಿಕೊಂಡು ನುಡಿಸುತ್ತದೆ, ದೊಡ್ಡಮ್ಮ ಹೊರಗೆ ಸ್ಟೂಲಿನ ಮೇಲೆ ಕೂತು ಯಾರ್‍ಯಾರು ಎಲ್ಲೆಲ್ಲಿ ಎಡವಿದರೆಂದು ಅಲ್ಲಿಂದಲೇ ಕೂಗಿ ಹೇಳುತ್ತಾರೆ. “ನಲವತ್ತೊಂದು ತಂಡ, ಒಂದು ಸಲವೂ ಆಳು ತಪ್ಪಿಲ್ಲ. ಶುರು ಮಾಡೋಕೆ ಮುಂಚೆ ಮೂಗಲ್ಲಿ ಉಸಿರು ಎಳೀತಾರಲ್ಲ, ಆ ಸದ್ದಲ್ಲೇ ಹೇಳಿಬಿಡ್ತೀನಿ.”

ಇನ್ನು ನಲವತ್ತೆರಡನೆಯ ತಂಡದ ವಿಚಾರ. ಬಂದ ದಿನವೇ ನಾಲ್ವರಿಗೂ ಅಡ್ಡಹೆಸರು ಬಿದ್ದಿವೆ. ಮೊದಲ ಪಿಟೀಲಿನ ಹುಡುಗಿ ಬಿರುಗಾಳಿ, ಎರಡನೆಯ ಪಿಟೀಲಿನವಳು ಮೌನಿ, ವಿಯೋಲದವನು ನಿದ್ದೆಗಣ್ಣ, ಆರಡಿ ಮೂರಂಗುಲದ ಚೆಲ್ಲೊದವನು ಕಂಬ. ಬಿರುಗಾಳಿ ಜೋರಾಗಿ ಮೂಗೆಳೆದು ಹೊರಟರೆ ಹಿಂತಿರುಗಿ ನೋಡುವವಳಲ್ಲ. ನಿಂತಾಗ ಮೌನಿಗೆ ಒಂದೇ ಮಾತು: “ನನ್ನ ಹಿಂದೆ ಬಾರೇ, ಅಷ್ಟು ಮಾಡು ಸಾಕು.”

ಐದನೆಯ ವಾರ ಮೌನಿ ಮೆಟ್ಟಿಲ ಮೇಲೆ ದೊಡ್ಡಮ್ಮನ ಕೈಗೆ ಮಡಿಸಿದ ಕಾಗದವೊಂದನ್ನು ತುರುಕಿ ಹೋಗುತ್ತಾಳೆ. ಎರಡೇ ಸಾಲು: ‘ಎಂಟು ವಾರ ಮುಗಿದ ಮೇಲೆ ನಾನು ಈ ತಂಡದಲ್ಲಿ ಇರುವುದಿಲ್ಲ. ನಾನು ಯಾರ ನೆರಳೂ ಅಲ್ಲ.’

ಆ ದಿನ ದೊಡ್ಡಮ್ಮನ ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯುತ್ತದೆ.

“ರೈಲು ನಿಲ್ದಾಣ ನೆನಪಾಯ್ತಾ?” ಎಂದು ಡ್ರೈವರ್ ದೊಡ್ಡಪ್ಪ ಕೇಳುತ್ತಾರೆ.

“ಸುಮ್ನಿರ್‍ರೀ. ಈ ಸಲ ರೈಲು ಬಿಡೋಕೆ ಮುಂಚೆ ಗೊತ್ತಾಗಿದೆ.”

ಮರುದಿನವೇ ಅಪ್ಪಣೆಯಾಗುತ್ತದೆ: ಪಿಟೀಲಿನ ಹುಡುಗಿಯರಿಬ್ಬರೂ ಕುರ್ಚಿ ಅದಲುಬದಲು, ಎರಡು ವಾರ. ಮೊದಮೊದಲು ಕೇಳಲಾಗದು. ಬಿರುಗಾಳಿ ಎರಡನೆಯ ಪಿಟೀಲು ನುಡಿಸಿದರೆ ನೆಂಟರು ಬಂದು ಮನೆಯವರನ್ನೇ ಊಟಕ್ಕೆ ಎಬ್ಬಿಸಿದಂತೆ. ಮೌನಿ ಮೊದಲನೆಯದು ನುಡಿಸಿದರೆ ಸ್ವಂತ ಮನೆಯ ಬಾಗಿಲು ತಟ್ಟಿ ‘ಒಳಗೆ ಬರಬಹುದಾ’ ಎಂದಂತೆ. ನಾಲ್ಕನೆಯ ದಿನ ಬಿರುಗಾಳಿ ಕಮಾನು ಕೆಳಗಿಡುತ್ತಾಳೆ.

“ಇದು ಇಷ್ಟು ಕಷ್ಟ ಅಂತ ಯಾರೂ ಹೇಳಲೇ ಇಲ್ಲವಲ್ಲೇ! ನಾನು ಓಡಿದಾಗೆಲ್ಲ ನೀನು ಹಿಂದಿಂದ ಓಡಿ ಬರ್ತಿದ್ದೆಯಾ?”

“ಹಿಂದಿಂದ ಅಲ್ಲ,” ಎನ್ನುತ್ತಾಳೆ ಮೌನಿ. “ನೀನು ಓಡ್ತಿದ್ದೆ. ನಾನು ಮುಂದೆ ಮುಂದೆ ಹಳಿ ಹಾಸ್ತಿದ್ದೆ.”

ಆ ಸಂಜೆ ಇಬ್ಬರೂ ಒಂದೇ ಡಬ್ಬಿಯ ರಾಳವನ್ನು ಕಮಾನಿಗೆ ಉಜ್ಜಿಕೊಳ್ಳುವುದನ್ನು ದೊಡ್ಡಮ್ಮ ಬಾಗಿಲ ಸಂದಿಯಲ್ಲಿ ಕಾಣುತ್ತಾರೆ. ಎಂಟನೆಯ ವಾರ ಅವರವರ ಕುರ್ಚಿಗೆ ಅವರವರು ಎಂದು ಅಪ್ಪಣೆ ಹಿಂದಕ್ಕೆ ಪಡೆಯುತ್ತಾರೆ. ಆದರೆ ಕಾಗದದ ಮಾತನ್ನು ಮೌನಿ ಎತ್ತುವುದಿಲ್ಲ. ಕೇಳಿದರೆ ಉತ್ತರ ಬಂದೀತೆಂದು ದೊಡ್ಡಮ್ಮ ಕೇಳುವುದಿಲ್ಲ.

ಕೊನೆಯ ಶುಕ್ರವಾರ. ಬೆಳಗಿನ ಮೇಜು ಒಂದು ಹನಿಯೂ ಚೆಲ್ಲದೆ ಇಳಿದಿದೆ. ಅನುಮಾನ ಅಲ್ಲೇ ಬರಬೇಕಿತ್ತು. ದೊಡ್ಡಮ್ಮ ಸ್ಟೂಲು ಎಳೆದು ಕೂತು, ಕಣ್ಣು ಮುಚ್ಚಿ, ಮುಚ್ಚಿದ ಬಾಗಿಲಿಗೆ ಕಿವಿ ಕೊಡುತ್ತಾರೆ. ಒಳಗೆ ಜೋರಾದ ಮೂಗೆಳೆತ. ಬಿರುಗಾಳಿಯದೇ, ಸಂಶಯವೇ ಇಲ್ಲ. ಹೊರಟಳು. ಹನ್ನೆರಡನೆಯ ಸಾಲಿಗೆ ಬರುವಷ್ಟರಲ್ಲಿ ಹಳೆಯ ಓಟ.

“ಏ ಬಿರುಗಾಳೀ! ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿನ್ನ? ಮೌನಿ, ಸಂಕೋಚ ಸಾಕು, ಜೋರಾಗಿ! ಎಂಟು ವಾರ ಮೇಜು ಹೊತ್ತಿದ್ದು ದಂಡ ಆಯ್ತಲ್ಲೋ!”

ಸಂಗೀತ ನಿಲ್ಲುತ್ತದೆ. ಒಳಗೆ ಏನೋ ಉಸಿರುಗಟ್ಟಿದ ಸದ್ದು. ದೊಡ್ಡಮ್ಮ ಮಂಡಿ ಹಿಡಿದುಕೊಂಡೇ ಎದ್ದು ಬಾಗಿಲು ದೂಡುತ್ತಾರೆ.

ಮೊದಲ ಕುರ್ಚಿಯಲ್ಲಿ ಹುಬ್ಬೇರಿಸಿ, ಗದ್ದವೆತ್ತಿ ಕೂತಿರುವವಳು ಮೌನಿ. ಎರಡನೆಯದರಲ್ಲಿ ಭುಜ ಕುಗ್ಗಿಸಿ, ನಗು ತಡೆಯಲು ತೋಳನ್ನೇ ಕಚ್ಚಿಕೊಂಡಿರುವವಳು ಬಿರುಗಾಳಿ. ಕಂಬ ಚೆಲ್ಲೊ ಹಿಂದೆ ಅಡಗಲು ನೋಡುತ್ತಿದ್ದಾನೆ, ಅಡಗುವ ಎತ್ತರ ಅವನದಲ್ಲ.

“ನಲವತ್ತೆರಡನೇದು, ದೊಡ್ಡಮ್ಮ,” ಎನ್ನುತ್ತಾನೆ ನಿದ್ದೆಗಣ್ಣ, ಎಂಟು ವಾರದಲ್ಲಿ ಮೊದಲ ಸಲ ಪೂರ್ತಿ ಕಣ್ಣು ಬಿಟ್ಟು. “ಲೆಕ್ಕಕ್ಕೆ ಹಾಕ್ಕೊಳ್ಳಿ.”

ಗುರುವಿಗೇ ತಿರುಮಂತ್ರ! ಯಂತ್ರಗಳು ನಿಂತು ಎಷ್ಟೋ ಕಾಲವಾಗಿದ್ದರೂ ಈ ಕಾರ್ಖಾನೆಯಲ್ಲಿ ಛತ್ರಿಗಳ ತಯಾರಿ ಮಾತ್ರ ನಿಂತಿಲ್ಲ. ದೊಡ್ಡಮ್ಮ ಒಬ್ಬಳನ್ನು ನೋಡುತ್ತಾರೆ, ಇನ್ನೊಬ್ಬಳನ್ನು ನೋಡುತ್ತಾರೆ. ಮುಖದಲ್ಲಿ ಏನೂ ಇಲ್ಲ. ನಾಲ್ವರ ನಗುವೂ ಮೆಲ್ಲಗೆ ಆರುತ್ತದೆ.

“ಆ ಮೂಗೆಳೆತ?”

“ನಂದೇ,” ಎನ್ನುತ್ತಾಳೆ ಮೌನಿ. “ನಾಲ್ಕು ದಿನ ಅಭ್ಯಾಸ ಮಾಡ್ದೆ. ನೆಗಡಿಯೇ ಬಂತು.” ಆಮೇಲೆ ಕಮಾನಿನ ತುದಿ ನೋಡುತ್ತಾ, “ದೊಡ್ಡಮ್ಮ, ಆ ಕಾಗದ... ವಾಪಸ್ ಕೊಡ್ತೀರಾ? ನಾಳೆ ಕಾರ್ಯಕ್ರಮದಲ್ಲಿ ಮೊದಲರ್ಧ ಅವಳು ಮುಂದೆ, ಉಳಿದರ್ಧ ನಾನು. ಆಮೇಲೂ ಹಾಗೇ ಅಂತ ಮಾತಾಗಿದೆ.”

“ಕಾಗದ ನನ್ನ ಹತ್ರ ಎಲ್ಲಿದೆ?” ಎನ್ನುತ್ತಾರೆ ದೊಡ್ಡಮ್ಮ. “ಕೆಳಗೆ ಮೇಜಿನ ಕಾಲಡಿ ಇದೆ. ಮೂರು ವಾರದಿಂದ ದಿನಾ ಬೆಳಗ್ಗೆ ನೀನೇ ಅದರ ಮೇಲೆ ಮೇಜು ಇಳಿಸ್ತಿದೀಯ.”

ಮೌನಿ ಕಿಟಕಿಯಿಂದ ಕೆಳಗಿನ ಮೇಜನ್ನು ಇಣುಕುತ್ತಾಳೆ. “ಹಾಗಾದ್ರೆ... ಅಲ್ಲೇ ಇರಲಿ ಬಿಡಿ. ತೆಗೆದ್ರೆ ಅಲ್ಲಾಡುತ್ತೆ.”

ಅಷ್ಟೇ ಸಾಕಾಗುತ್ತದೆ. “ನಾನೇ ಕಲಿಸಿದ್ದು! ಈ ಅಣಕ ಇವಕ್ಕೆ ನಾನೇ ಕಲಿಸಿದ್ದು!” ಎನ್ನುತ್ತಾ ದೊಡ್ಡಮ್ಮ ಬಾಗಿಲಿಗೊರಗಿ ನಗಲು ತೊಡಗುತ್ತಾರೆ. ನಾಲ್ವರೂ ಸೇರಿದರೂ ಆ ಒಂದು ನಗುವಿನ ಮುಂದೆ ಎರಡನೇ ಪಿಟೀಲು. ಕೆಳಗಿನ ಅಂಗಳದಿಂದ ಡ್ರೈವರ್ ದೊಡ್ಡಪ್ಪ, ನಗುವವರು ಕಾಣದೆ, ಸೌಟು ಹಿಡಿದೇ ಕೂಗುತ್ತಾರೆ:

“ಏ ಬಿರುಗಾಳೀ! ಮೆಲ್ಲಗೆ ನಗೇ ತಾಯಿ, ಕಿಟಕಿ ಗಾಜು ಹಳೇದು!”