ಕುಕ್ಕರಿಗೆ ಬದಲು ಶಾಲು

"ಅಮ್ಮಾ, ಕುಕ್ಕರ್ ನಿಮ್ಮದೇ" ಎಂದು ಮಾಲೀಕರು ಕರೆದರೂ ಆ ಹಿರಿಯ ಮಹಿಳೆ ಕೈ ಚಾಚಲಿಲ್ಲ. ಕೊಪ್ಪದಲ್ಲಿ ನಾನು ಲೆಕ್ಕ ಬರೆಯುವ ಬಟ್ಟೆ ಅಂಗಡಿಯ ದೀಪಾವಳಿ ಲಕ್ಕಿ ಡ್ರಾದಲ್ಲಿ ಅವರಿಗೆ ಮೊದಲ ಬಹುಮಾನ ಬಂದಿತ್ತು. ಪಕ್ಕದಲ್ಲೇ ಸೀರೆ ವಿಭಾಗದ ವನಜಕ್ಕ, ವರ್ಷದ ಉತ್ತಮ ಕೆಲಸಗಾರ್ತಿ ಎಂದು ಆಗಷ್ಟೇ ಹೊದಿಸಿದ ಶಾಲಿನಲ್ಲಿ ಬೆವರುತ್ತ ನಿಂತಿದ್ದರು.

"ಕುಕ್ಕರ್ ಇವಳಿಗೆ ಕೊಡಿ ಮಾರಾಯ್ರೆ, ಆಗಿಂದ ಅದನ್ನೇ ನೋಡ್ತಾ ಇದ್ದಾಳೆ. ನಂಗೆ ಆ ಶಾಲು ಸಾಕು." ಆಕೆ ವನಜಕ್ಕನತ್ತ ಕೈ ತೋರಿದರು.

"ಶಾಲು ಎಂತಕ್ಕಮ್ಮಾ?" ಮಾಲೀಕರು ನಕ್ಕರು.

"ಮನೇಲಿ ರಾಶಿ ಇದೆ. ಎಲ್ಲ ನಮ್ಮನೆಯವ್ರಿಗೆ ಸನ್ಮಾನ ಮಾಡಿದ್ದು, ಮಡಚಿಟ್ಟಿದ್ದು ಮಾತ್ರ ನಾನು. ನಂಗೆ ಯಾರೂ ಹೊದಿಸಿಲ್ಲ."

ವನಜಕ್ಕ ತಮ್ಮ ಶಾಲನ್ನು ತೆಗೆದು ಅವರಿಗೆ ಹೊದಿಸಿದರು. ಅಂಗಡಿಯಿಡೀ ಚಪ್ಪಾಳೆ ತಟ್ಟಿತು.

ಸಂಜೆ ನಾನೂ ಒಂದು ಶಾಲು ಕೊಂಡೆ. ಎಂತಕ್ಕೆಂದು ಮನೆಯಲ್ಲಿ ಅಮ್ಮ ಕೇಳಿದಳು. ಅವಳಿಗೇ ಹೊದಿಸಿದೆ.