ಚಂಪಿಯ ಮೀನು, ನನ್ನ ಬಿಸ್ಕತ್ತು

ಚಂಪಿಗೆ ಕದ್ದು ಬಿಸ್ಕತ್ತು ಹಾಕುತ್ತಿದ್ದವನು ನಾನು, ಗೌರಮ್ಮನವರೇ. ನಿಮ್ಮ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದು, ಆ ತಪ್ಪು ನಿಮ್ಮ ತಲೆಗೆ ಬಂದಾಗ ಸುಮ್ಮನೆ ನಿಂತಿದ್ದವನೂ ನಾನೇ.

ಆಗ ಯಾವ ತಿಂಗಳು — ಹೇಳಲು ಹೋದರೆ ನೆನಪು ತನಗೆ ಬೇಕಾದ ಬಿಸಿಲನ್ನೋ ಮೋಡವನ್ನೋ ತಂದು ಹಚ್ಚುತ್ತದೆ, ಬಿಡಿ. ನಮ್ಮ ನಾಯಿ ಚಂಪಿ ಕೆರೆದು ಕೆರೆದು ಹೊಟ್ಟೆಯ ಕೂದಲು ಉದುರಿಸಿಕೊಂಡಿತ್ತು. ನೆಕ್ಕಿ ನೆಕ್ಕಿ ಪಾದ ಕೆಂಪಾಗಿತ್ತು. ಅಲರ್ಜಿ, ಎಂದರು ಡಾಕ್ಟರು. ಆಹಾರದಿಂದಲೋ ಏನೋ ತಿಳಿಯಲು ಇರುವುದು ಒಂದೇ ದಾರಿ: ಎರಡು ತಿಂಗಳು, ಅದು ಈವರೆಗೆ ತಿನ್ನದ್ದನ್ನು ಮಾತ್ರ ಹಾಕಬೇಕು. ಮೀನು, ಗೆಣಸು, ಅಷ್ಟೇ. "ಮಧ್ಯೆ ಒಂದು ಬಿಸ್ಕತ್ತು ಬಿದ್ರೂ ಎಲ್ಲಾ ವೇಸ್ಟ್ ಸಾರ್."

ನಮ್ಮ ಅಡುಗೆಮನೆಗೆ ಮೀನು ಬರುವಂತಿಲ್ಲ. ನನ್ನ ಹೆಂಡತಿ ಶೈಲಜ ಪೇಚಾಡುತ್ತಿದ್ದಾಗ ನೀವು ಕೆಳಗಿನಿಂದಲೇ ಕೂಗಿದಿರಿ: "ಅದಕ್ಯಾಕೆ ಶೈಲಮ್ಮ ತಲೆ ಕೆಡಿಸ್ಕೊಂತೀರ? ನಿಮ್ ಮಡಿ ನೀವಿಟ್ಕೊಳ್ಳಿ, ಮೀನು ನಾನ್ ಬೇಯಿಸ್ತೀನಿ."

ದಿನವೂ ಬೇಯಿಸಿದಿರಿ, ಮುಳ್ಳು ಬಿಡಿಸಿ. "ನಮ್ ಯಜಮಾನರಿಗೆ ಬಿಪಿ ಬಂದು ಉಪ್ಪು ಬಿಟ್ರು, ನಿಂಗೇನೇ ಬಂತು ರೋಗ?" ಎಂದು ಚಂಪಿಯನ್ನು ಗದರುತ್ತ.

ನಾನು ಬೆಳಿಗ್ಗೆ ಅದನ್ನು ಕರೆದುಕೊಂಡು ಪುಟ್ಟೇನಹಳ್ಳಿ ಕೆರೆ ಸುತ್ತಿ, ಬರುವಾಗ ಬೇಕರಿ ಮುಂದೆ ಟೀ ಕುಡಿಯುತ್ತಿದ್ದೆ. ಬೆಣ್ಣೆ ಬಿಸ್ಕತ್ತು ಅರ್ಧ ನನಗೆ, ಅರ್ಧ ಅದಕ್ಕೆ. ಕರುಣೆಯಿಂದ ಎಂದು ಬಹಳ ಕಾಲ ಹೇಳಿಕೊಂಡೆ. ಪಾಪ, ಬರೀ ಗೆಣಸು ತಿಂದು ತಿಂದು — ಇಲ್ಲ, ಅದು ಆಮೇಲೆ ಕಟ್ಟಿದ ಮಾತು. ಮೀನು ಶುರುವಾದ ಮೇಲೆ ಚಂಪಿ ನಿಮ್ಮ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ನಾನು ಕರೆದರೆ ಬರೀ ಕಿವಿ ತಿರುಗಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚು. ರಿಟೈರಾದವನಿಗೆ, ಕರೆದರೆ ಓಡಿಬರಲು ಅದೊಂದೇ — ಇದೂ ನೆಪದ ಹಾಗೆ ಕೇಳುತ್ತಿದೆ. ಆ ಸಾಲು ಹೊಡೆದುಹಾಕಿ.

ಎರಡು ತಿಂಗಳು ಕಳೆದರೂ ಕೆರೆತ ನಿಲ್ಲಲಿಲ್ಲ. ಬೇರೆ ಏನಾದರೂ ಕೊಟ್ಟಿರಾ ಎಂದು ಡಾಕ್ಟರು ನನ್ನನ್ನೇ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಹಾಗಾದರೆ ಆಹಾರದ್ದಲ್ಲ ಎಂದು ಸ್ಟೆರಾಯ್ಡ್ ಮಾತ್ರೆ ಬರೆದರು. ಶೈಲಜ ಅದನ್ನು ನಂಬಲಿಲ್ಲ; ಯಾರೋ ಏನೋ ಹಾಕಿದ್ದಾರೆಂದೇ ಅವಳ ಗುಮಾನಿ. ಆಟೋ ಇಳಿದವಳೇ ನೇರ ನಿಮ್ಮ ಬಾಗಿಲಿಗೆ ಹೋದಳು. "ನಿಜ ಹೇಳಿ ಗೌರಮ್ಮ, ನಿಮ್ಮನೆ ಕೋಳಿಸಾರಿಂದು ಒಂದ್ ಚೂರು ಹಾಕಿದೀರ ತಾನೆ?"

ನೀವು ಗೆಣಸು ಸುಲಿಯುತ್ತಿದ್ದಿರಿ. ಅಥವಾ ಆ ಗೆಣಸನ್ನು ಈಗ ನಾನೇ ನಿಮ್ಮ ಕೈಗೆ ಕೊಡುತ್ತಿದ್ದೇನೋ — ಗೊತ್ತಿಲ್ಲ. ಮಾತು ಮಾತ್ರ ನಿಮ್ಮದೇ: "ನನ್ ಮನೇಲಿ ನಾನೇ ಕಳ್ಳಿ ಆದ್ನಾ? ಸಾರ್, ನೀವಾದ್ರೂ ಹೇಳಿ."

"ಹೋಗ್ಲಿ ಬಿಡಿ ಗೌರಮ್ಮ," ಎಂದೆ. ಕ್ಷಮಿಸುವವನ ದನಿಯಲ್ಲಿ.

ಅವತ್ತಿನಿಂದ ನಿಮ್ಮ ಬಾಗಿಲು ಮುಚ್ಚಿತು. ಚಂಪಿ ಅದನ್ನು ಪರಚಿತು, ಎಷ್ಟೋ ದಿನ. ನೀವು ಒಳಗೇ ಇದ್ದಿರಿ, ತೆಗೆಯಲಿಲ್ಲ. ಮಾತ್ರೆ ನುಂಗಿ ನುಂಗಿ ಅದು ಊದಿತು, ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಟ್ಟಿತು. ಹೆದರಿ ಬಿಸ್ಕತ್ತು ನಿಲ್ಲಿಸಿದೆ. ಕೆರೆತ ಕಡಿಮೆಯಾಯಿತು — ಮಾತ್ರೆಯಿಂದಲೋ, ಬಿಸ್ಕತ್ತು ಬಿಟ್ಟಿದ್ದರಿಂದಲೋ. ಅದನ್ನು ತಿಳಿಯುವ ದಾರಿಯನ್ನೇ ನಾನು ಕೆಡಿಸಿದ್ದೆ. ವರ್ಷಗಳಾದವು. ಡಾಕ್ಟರ ಬಳಿ ಹೋದಾಗಲೆಲ್ಲ ಶೈಲಜ ಹೇಳುತ್ತಾಳೆ: "ಕೆಳಗಿನ ಮನೆಯವರು ಹಾಳು ಮಾಡಿದ್ರು ಡಾಕ್ಟ್ರೇ." ನಾನು ಚಂಪಿಯ ಬೆಲ್ಟು ಹಿಡಿದು ನಿಂತಿರುತ್ತೇನೆ.

ಇಷ್ಟನ್ನೂ ಬರೆದು ಈಗ ಶೈಲಜಳಿಗೆ ಓದಿ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗೆ ಹೋದಳು. ನಿಮ್ಮ ಮನೆಯ ಬೆಲ್ಲು ಕೇಳಿಸುತ್ತಿದೆ. ನಾನೂ ಈಗ ಇಳಿದು ಬರುತ್ತೇನೆ. ಮನೆ ಖಾಲಿ ಮಾಡಿ ಎಂದರೆ ಮಾಡುತ್ತೇವೆ. ಆದರೆ ನಿಮ್ಮ ಬಾಗಿಲಲ್ಲೇ ನಿಂತು, ಅವಳೆದುರಿಗೇ — ಈ ಸಲ ನೀವು ಕೇಳುವ ಮೊದಲೇ ಹೇಳುತ್ತೇನೆ.